ಬೀಜದೊಳಗಿನ ಸಸಿ: ಮಕ್ಕಳ ಪಾಠವೂ ಬಿತ್ತನೆಯ ಪರೀಕ್ಷೆಯೂ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಸ್ಯಗಳ ಪಾಠ ಆರಂಭವಾಗುವುದು ಸಾಮಾನ್ಯವಾಗಿ ಒಂದು ಅವರೆ ಕಾಳಿನಿಂದ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ, ಕಾಳು ಊರಿ, ದಿನವೂ ನೀರು ಚಿಮುಕಿಸಿ, ಐದಾರು ದಿನಗಳಲ್ಲಿ ಮೊಳಕೆ ಮೇಲೆದ್ದಾಗ ಮಕ್ಕಳು ಹಿಗ್ಗುತ್ತಾರೆ. ಮನೆಯ ಹಿರಿಯರು ಇದನ್ನು ಮಕ್ಕಳಾಟವೆಂದು ಬಗೆಯುವುದುಂಟು. ಆದರೆ ಅದೇ ಮನೆಯ ಮೂಟೆಗಟ್ಟಲೆ ಬಿತ್ತನೆ ಬೀಜ ಮೊಳೆಯುವುದೋ ಇಲ್ಲವೋ ಎಂಬುದನ್ನು ಯಾರೂ ನೋಡದೆ ಮುಂಗಾರಿನ ಮೊದಲ ಹದಕ್ಕೆ ಹೊಲ ಸೇರುತ್ತದೆ. ಹತ್ತು ದಿನ ಕಳೆದು ಸಾಲುಗಳ ನಡುವೆ ಬರಿ ನೆಲ ಕಂಡ ಮೇಲೆ ಮಾಡುವಂಥದು ಬಹಳ ಉಳಿದಿರುವುದಿಲ್ಲ. ಹದ ಆರಿರುತ್ತದೆ. ಬೀಜಕ್ಕೆ ಕೊಟ್ಟ ಹಣ, ಉತ್ತ ಕೂಲಿ, ಹಾಕಿದ ಗೊಬ್ಬರ ಎಲ್ಲವೂ ಮಣ್ಣುಪಾಲಾಗಿರುತ್ತದೆ. ಮಳೆಯಾಶ್ರಿತ ಬೇಸಾಯದಲ್ಲಿ ಮತ್ತೊಮ್ಮೆ ಬಿತ್ತುವ ಅವಕಾಶ ಎಲ್ಲ ವರ್ಷವೂ ಸಿಗುವುದಿಲ್ಲ.

ಈ ನಷ್ಟದಲ್ಲಿ ಒಂದು ಪಾಲನ್ನಾದರೂ ತಡೆಯಬಹುದು. ಅದಕ್ಕೆ ಬೇಕಾದ ತಿಳಿವಳಿಕೆ ಮಕ್ಕಳ ಪಾಠದಲ್ಲಿರುವಷ್ಟೇ. ಆ ಪಾಠವನ್ನು ಇಲ್ಲಿ ಹೊಲದ ಕಡೆಯಿಂದ ನೋಡೋಣ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಶಾಲೆಯ ಉಪಾಧ್ಯಾಯರ ನೆರವಿನಿಂದ ಮಕ್ಕಳ ಕೈಯಲ್ಲೇ ಈ ಪ್ರಯೋಗಗಳನ್ನು ಮಾಡಿಸಬಹುದು. ಖರ್ಚೇನೂ ಇಲ್ಲ.

ಕಾಳನ್ನು ಬಿಡಿಸಿ ನೋಡುವುದು

ಒಂದು ಹಿಡಿ ಒಣ ಅವರೆ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಸಿಡಬೇಕು. ಬೆಳಗ್ಗೆ ಒಂದು ಕಾಳನ್ನು ಕೈಗೆತ್ತಿಕೊಂಡರೆ ಅದರ ಅಂಚಿನಲ್ಲಿ ಬಿಳಿಯ ಉದ್ದನೆಯ ಗುರುತು ಕಾಣುತ್ತದೆ. ಕಾಯಿಯೊಳಗೆ ಕಾಳು ಅಂಟಿಕೊಂಡಿದ್ದ ಜಾಗವಿದು, ನಮ್ಮ ಹೊಕ್ಕುಳಿದ್ದಂತೆ. ಅದರ ತುದಿಗೆ ಕಂಡೂ ಕಾಣದಷ್ಟು ಸಣ್ಣ ರಂಧ್ರವಿದೆ. ಕಾಳಿನ ಮೈ ಒರೆಸಿ ಮೆಲ್ಲನೆ ಒತ್ತಿದರೆ ಆ ರಂಧ್ರದಿಂದ ನೀರಿನ ಹನಿ ಒಸರುತ್ತದೆ. ಬೀಜಕ್ಕೆ ನೀರು ಒಳಹೋಗುವ ದಾರಿಗಳಲ್ಲಿ ಇದೂ ಒಂದು. ಮೊಳಕೆಯ ಬೇರು ಹೊರಬರುವುದೂ ಇದರ ಪಕ್ಕದಲ್ಲಿಯೇ.

ಇನ್ನು ಸಿಪ್ಪೆ ಸುಲಿಯುವುದು. ಹಿತಕಿದ ಬೇಳೆಯ ಸಾರು ಮಾಡುವ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿತಕಿದೊಡನೆ ಸಿಪ್ಪೆ ಕೈಯಲ್ಲುಳಿದು ಬೇಳೆ ಹೊರಕ್ಕೆ ಹಾರುತ್ತದೆ. ಬೇಳೆಯ ಎರಡು ಹೋಳುಗಳನ್ನು ನಿಧಾನವಾಗಿ ಬಿಡಿಸಿದರೆ ಅವುಗಳ ಅಂಚಿನಲ್ಲಿ ಬಾಗಿ ಮಲಗಿರುವ ಒಂದು ಪುಟ್ಟ ಸಸಿ ಕಾಣುತ್ತದೆ. ಒಂದು ತುದಿ ಚೂಪು. ಅದು ಮುಂದೆ ತಾಯಿಬೇರಾಗುತ್ತದೆ. ಇನ್ನೊಂದು ತುದಿಯಲ್ಲಿ ಮಡಿಸಿಟ್ಟಂಥ ಎಳೆಯ ಎಲೆಗಳು. ಕಣ್ಣು ಚುರುಕಾಗಿರುವ ಮಕ್ಕಳು ಅದರ ನರಗಳನ್ನೂ ಗುರುತಿಸುತ್ತಾರೆ. ಬೀಜ ಸಸಿಯಾಗುತ್ತದೆ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಸಸಿ ಆಗಲೇ ಅಲ್ಲಿದೆ. ಅಕ್ಕಪಕ್ಕದ ಎರಡು ಹೋಳುಗಳು ಅದಕ್ಕೆ ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿ. ಇವಕ್ಕೆ ಬೀಜದಳಗಳೆಂದು ಹೆಸರು. ಎರಡು ದಳವಿರುವ ಅವರೆ, ತೊಗರಿ, ಕಡಲೆ, ನೆಲಗಡಲೆ ಇವು ದ್ವಿದಳ ಜಾತಿಗೆ ಸೇರಿದವು.

ನೆಲಗಡಲೆಯಲ್ಲಿ (ಶೇಂಗಾ) ಈ ಪುಟ್ಟ ಸಸಿ ಬೀಜದ ಒಂದು ತುದಿಗೆ ಹಕ್ಕಿಯ ಕೊಕ್ಕಿನಂತೆ ಕುಳಿತಿರುತ್ತದೆ. ತಿನ್ನುವಾಗ ಹೋಳಾದರೆ ಅದು ಒಂದು ಕಡೆಗೆ ಅಂಟಿಕೊಂಡಿರುವುದನ್ನು ಎಲ್ಲರೂ ನೋಡಿದ್ದೇವೆ. ಯಂತ್ರದಲ್ಲಿ ಒರಟಾಗಿ ಸುಲಿದ ಬೀಜದಲ್ಲಿ ಮುರಿಯುವುದು ಇದೇ ಕೊಕ್ಕು. ನೋಟಕ್ಕೆ ಕಾಳು ದುಂಡಗಿರುತ್ತದೆ, ತೂಕವೂ ಸರಿಯಿರುತ್ತದೆ, ಆದರೆ ಸಸಿ ಸತ್ತಿರುತ್ತದೆ. ಕೆಂಪು ಸಿಪ್ಪೆ ಹೋದ ಬೀಜವಾದರೆ ಮಣ್ಣಿನ ಬೂಷ್ಟು ಸುಲಭವಾಗಿ ಹತ್ತಿ ಕೊಳೆಸುತ್ತದೆ. ನೆಲಗಡಲೆಯನ್ನು ಕಾಯಿಯಲ್ಲೇ ಇಟ್ಟುಕೊಂಡು, ಬಿತ್ತನೆ ಹತ್ತಿರ ಬಂದಾಗ ಕೈಯಲ್ಲಿ ಸುಲಿಯಬೇಕೆಂದು ಹೇಳುವುದಕ್ಕೆ ಕಾರಣವಿದು.

ರಾಗಿ, ಜೋಳ, ಭತ್ತ, ಮುಸುಕಿನ ಜೋಳಗಳ ರಚನೆ ಬೇರೆ. ಇವು ಏಕದಳ ಜಾತಿ. ನೆನೆದ ಮುಸುಕಿನ ಜೋಳದ ಕಾಳನ್ನು ಉದ್ದಕ್ಕೆ ಸೀಳಿದರೆ ಒಂದು ಮಗ್ಗುಲಲ್ಲಿ ಸಸಿಯ ಭಾಗ, ಉಳಿದುದೆಲ್ಲ ಹಿಟ್ಟಿನ ಭಾಗ. ಭತ್ತದಲ್ಲಿಯೂ ಹೀಗೆಯೇ. "ಭತ್ತ ಮೊಳೆಯುತ್ತದೆ, ಅಂಗಡಿಯ ಅಕ್ಕಿ ಏಕೆ ಮೊಳೆಯುವುದಿಲ್ಲ?" ಎಂದು ಮಕ್ಕಳು ಕೇಳುವುದುಂಟು. ಅಕ್ಕಿಯ ಮೂಲೆಯಲ್ಲಿ ಚಿಕ್ಕ ತಗ್ಗು ಕಾಣುತ್ತದಲ್ಲ, ಸಸಿಯಿದ್ದದ್ದು ಅಲ್ಲಿ. ಗಿರಣಿಯಲ್ಲಿ ಪಾಲಿಶ್ ಮಾಡುವಾಗ ಅದು ತೌಡಿನೊಡನೆ ಹೋಗಿರುತ್ತದೆ. ಅಕ್ಕಿಯಲ್ಲಿ ಉಳಿದಿರುವುದು ಬುತ್ತಿ ಮಾತ್ರ.

ನೀರು, ಗಾಳಿ, ಬಿಸಿ

ಬುತ್ತಿ ಎಷ್ಟು ಮುಖ್ಯ ಎಂಬುದನ್ನು ತೋರಿಸಲು ಒಂದು ಪ್ರಯೋಗವಿದೆ. ಅವರೆಯ ಮೂರು ಮೊಳಕೆಗಳನ್ನು ಒಂದೇ ಕುಂಡದಲ್ಲಿ ಬೆಳೆಸಿ, ಮೇಲೆ ಬಂದ ದಿನವೇ ಒಂದರ ಎರಡೂ ಬೀಜದಳಗಳನ್ನು, ಇನ್ನೊಂದರ ಒಂದು ದಳವನ್ನು ಚಿವುಟಿ, ಮೂರನೆಯದನ್ನು ಹಾಗೆಯೇ ಬಿಡಬೇಕು. ಎರಡು ವಾರ ಕಳೆದ ಮೇಲೆ ಎತ್ತರ ಅಳೆದರೆ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ. ಎಲೆ ಹಸಿರಾಗಿ, ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವವರೆಗೆ ಸಸಿಗೆ ಬೇರೆ ಗತಿಯಿಲ್ಲ. ಸೋಯಾ ಅವರೆ ಮೇಲೇಳುವ ವಾರದಲ್ಲಿ ಹಕ್ಕಿ, ಹುಳುಗಳ ಕಾವಲು ಬೇಕೆನ್ನುವುದು ಇದಕ್ಕೇ.

ನೀರು, ಗಾಳಿಗಳ ಪ್ರಯೋಗ ಹಳೆಯದು. ಎತ್ತರದ ಗಾಜಿನ ಲೋಟದಲ್ಲಿ ಒಂದು ಕಡ್ಡಿ ನಿಲ್ಲಿಸಿ ಅದಕ್ಕೆ ಮೂರು ಕಾಳು ಕಟ್ಟುವುದು; ನಡುವಿನ ಕಾಳು ಅರ್ಧ ಮುಳುಗುವಂತೆ ನೀರು ಹೊಯ್ಯುವುದು. ಮೇಲಿನ ಕಾಳಿಗೆ ಗಾಳಿಯಿದೆ, ನೀರಿಲ್ಲ. ಕೆಳಗಿನದಕ್ಕೆ ನೀರಿದೆ, ಗಾಳಿ ಸಾಲದು. ಚೆನ್ನಾಗಿ ಮೊಳೆಯುವುದು ನಡುವಿನದು. ಬಿತ್ತಿದ ಮೇಲೆ ಭಾರೀ ಮಳೆ ಬಂದು ನೀರು ನಿಂತ ಹೊಲದಲ್ಲಿ ತೊಗರಿ, ಸೋಯಾ ಅವರೆ ಕೊಳೆಯುವುದು ಲೋಟದ ತಳದ ಕಾಳಿನ ಕಥೆಯೇ. ಭತ್ತವೊಂದು ಮಾತ್ರ ಗಾಳಿ ಕಡಿಮೆಯಿದ್ದರೂ ಕುಡಿ ಹೊರಹಾಕಬಲ್ಲದು. ಆದರೆ ಆಗ ಅದರ ಬೇರು ಸರಿಯಾಗಿ ಬೆಳೆಯುವುದಿಲ್ಲ.

ಬೀಜ ಉಸಿರಾಡುತ್ತದೆ ಎಂದರೆ ನಂಬದವರಿದ್ದಾರೆ. ಮೊಳಕೆಗೆ ಕಟ್ಟಿದ ಭತ್ತದ ಮೂಟೆಯೊಳಗೆ ಕೈ ಇಟ್ಟು ನೋಡಿದವರಿಗೆ ಆ ಅನುಮಾನ ಉಳಿಯದು. ಕೈಗೆ ಬಿಸಿ ತಟ್ಟುತ್ತದೆ. ಕೂಡಿಟ್ಟ ಆಹಾರವನ್ನು ಕರಗಿಸಿಕೊಂಡು ಉಸಿರಾಡುವಾಗ ಹೊರಬೀಳುವ ಶಾಖವದು. ಶಾಲೆಯಲ್ಲಾದರೆ ಮೊಳಕೆ ಕಾಳನ್ನು ಒಂದು ಸೀಸೆಯಲ್ಲಿ ಹಾಕಿ, ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ಸುಣ್ಣದ ತಿಳಿನೀರಿಟ್ಟು ಬಿರಡೆ ಬಿಗಿಯಬೇಕು. ಮಾರನೆಯ ದಿನಕ್ಕೆ ತಿಳಿನೀರು ಹಾಲಿನಂತೆ ಮಸುಕಾಗಿರುತ್ತದೆ. ನಮ್ಮ ಉಸಿರನ್ನು ಕೊಳವೆಯಿಂದ ಊದಿದರೂ ಆಗುವುದು ಅದೇ.

ಈಗ ಹೊಲಕ್ಕೆ ಬರೋಣ. ಮೊಳೆಯಲು ಮುಸುಕಿನ ಜೋಳ ತನ್ನ ತೂಕದ ಸುಮಾರು ಶೇಕಡಾ 30 ರಷ್ಟು, ಸೋಯಾ ಅವರೆ ಸುಮಾರು ಶೇಕಡಾ 50 ರಷ್ಟು ತೇವ ಹೊಂದಿರಬೇಕಾಗುತ್ತದೆ. ಮಳೆ ಅಷ್ಟಕ್ಕಷ್ಟೇ ಆದಾಗ ಬಿತ್ತಿದರೆ ಬೀಜ ಅರೆಬರೆ ನೀರು ಕುಡಿಯುತ್ತದೆ. ಬೇರು ಹೊರಗೆ ಬರುವ ಮುಂಚೆ ಮಣ್ಣು ಒಣಗಿದರೆ ಬೀಜ ಮತ್ತೆ ಒಣಗಿ, ಮುಂದಿನ ಮಳೆಗೆ ಏಳುವ ಸಾಧ್ಯತೆಯಿದೆ. ಬೇರು ಒಮ್ಮೆ ಹೊರಬಂದ ಮೇಲೆ ಒಣಗಿತೆಂದರೆ ಮುಗಿಯಿತು. ಹಿಂದಕ್ಕೆ ಹೋಗುವ ದಾರಿಯಿಲ್ಲ. ಒಂದೇ ದಿನ ಬಿತ್ತಿದ ನೆರೆಹೊರೆಯ ಎರಡು ಹೊಲಗಳಲ್ಲಿ ಒಂದು ಉಳಿದು ಇನ್ನೊಂದು ಹೋಗುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ. ರಾಗಿ ಬೀಜವನ್ನು ನೆನೆಸಿ, ನೆರಳಿನಲ್ಲಿ ಮತ್ತೆ ಒಣಗಿಸಿ ಬಿತ್ತುವ 'ಬೀಜ ಗಟ್ಟಿಗೊಳಿಸುವ' ಪದ್ಧತಿಯೂ ಈ ಗುಣವನ್ನೇ ಬಳಸಿಕೊಳ್ಳುತ್ತದೆ. ಮೊಳಕೆಯ ಮೊದಲ ಕೆಲಸಗಳು ಒಳಗೊಳಗೇ ಆಗಿರುವುದರಿಂದ ಹೊಲದಲ್ಲಿ ಬೀಜ ಬೇಗ ಏಳುತ್ತದೆ.

ಬೆಳಕಿನ ಮಾತು ಬಂದರೆ, ನಮ್ಮ ಹೆಚ್ಚಿನ ಬೆಳೆಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕಿಲ್ಲ. ಬೇಕಾಗಿರುವುದು ಹಲವು ಕಳೆಗಳ ಬೀಜಕ್ಕೆ. ಆಳದಲ್ಲಿ ಹೂತು ಮಲಗಿದ್ದ ಕಳೆ ಬೀಜ ನೇಗಿಲಿನೊಡನೆ ಮೇಲೆ ಬಂದು ಬೆಳಕು ಕಂಡೊಡನೆ ಏಳುತ್ತದೆ.

ಮಣ್ಣಿನಿಂದ ಮೇಲೆ ಬರುವ ದಾರಿ

ಒಂದು ಸಾವಿರ ರಾಗಿ ಕಾಳಿನ ತೂಕ ಸುಮಾರು 3 ಗ್ರಾಂ. ಒಂದು ನೆಲಗಡಲೆ ಬೀಜದ ತೂಕಕ್ಕೆ ನೂರಕ್ಕೂ ಹೆಚ್ಚು ರಾಗಿ ಕಾಳು ಬೇಕು. ಬುತ್ತಿ ಇಷ್ಟು ಚಿಕ್ಕದಿದ್ದಾಗ ಪಯಣವೂ ಚಿಕ್ಕದಿರಬೇಕಷ್ಟೆ. ರಾಗಿಯನ್ನು 2 ರಿಂದ 3 ಸೆಂ.ಮೀ. ಆಳದಲ್ಲಿ ಬಿತ್ತಿದರೆ ಮೇಲೆ ಬರುತ್ತದೆ. ನೆಲಗಡಲೆ 5 ಸೆಂ.ಮೀ. ಆಳದಿಂದಲೂ ಬರುತ್ತದೆ. ಕೂರಿಗೆ ತಾಳು ಹೆಚ್ಚು ಆಳಕ್ಕಿಳಿದರೆ ರಾಗಿಯ ಮೊಳಕೆ ದಾರಿಯಲ್ಲೇ ಬುತ್ತಿ ತೀರಿ ಸಾಯುತ್ತದೆ. ಬೀಜ ಕೆಟ್ಟದೆಂದು ನಾವು ದೂರುವ ಪ್ರಸಂಗಗಳಲ್ಲಿ ಕೆಲವು ಹೀಗೆ ಬಿತ್ತಿದ ಕೈಯ ತಪ್ಪು.

ಮೇಲೆ ಬರುವ ರೀತಿಯೂ ಎಲ್ಲಕ್ಕೂ ಒಂದೇ ಅಲ್ಲ. ಅವರೆ, ಅಲಸಂದೆ, ಹೆಸರು, ಸೋಯಾ ಅವರೆ, ಹತ್ತಿ, ಸೂರ್ಯಕಾಂತಿ, ಹರಳು ಇವುಗಳ ಎಳೆಯ ಕಾಂಡ ಕೊಕ್ಕೆಯಂತೆ ಬಾಗಿ ಮಣ್ಣನ್ನು ಸೀಳಿ, ಬೀಜದಳಗಳನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತದೆ. ತೊಗರಿ, ಕಡಲೆ, ಬಟಾಣಿಗಳಲ್ಲಿ ದಳಗಳು ಮಣ್ಣಿನಲ್ಲೇ ಉಳಿದು ಕುಡಿಯೊಂದೇ ಮೇಲೆ ಬರುತ್ತದೆ. ನೆಲಗಡಲೆ ಇವೆರಡರ ನಡುವಿನದು. ದಳಗಳು ನೆಲದ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಎರಡು ಕುಂಡಗಳಲ್ಲಿ ಅವರೆಯನ್ನೂ ತೊಗರಿಯನ್ನೂ ಬಿತ್ತಿದರೆ ಮಕ್ಕಳು ವಾರದಲ್ಲಿ ಇದನ್ನು ಕಂಡುಕೊಳ್ಳುತ್ತಾರೆ.

ರೈತರಿಗೆ ಇದರಿಂದ ಏನು ಪ್ರಯೋಜನ? ಕೆಂಪು ಮಣ್ಣಿನಲ್ಲಿ ಬಿತ್ತಿದ ಮಾರನೆಯ ದಿನ ರಭಸದ ಮಳೆ ಬಿದ್ದು, ಮೇಲೆ ಬಿಸಿಲು ಹೊಡೆದರೆ ನೆಲದ ಮೈ ಹಪ್ಪಳದಂತೆ ಗಟ್ಟಿಯಾಗುತ್ತದೆ. ತಲೆಯ ಮೇಲೆ ಹೊರೆ ಹೊತ್ತ ಸೋಯಾ ಅವರೆ, ಹತ್ತಿಗಳಿಗೆ ಆ ಪದರ ಒಡೆಯುವುದು ಬಹು ಕಷ್ಟ. ಎಷ್ಟೋ ಸಸಿಗಳ ಕತ್ತು ಮುರಿಯುತ್ತದೆ. ಮೂರು-ನಾಲ್ಕನೆಯ ದಿನ ಸಾಲಿನಲ್ಲಿ ಮಣ್ಣು ಕೆದಕಿ ನೋಡಿ, ಮೊಳಕೆ ಒಳಗೆ ಸುರುಳಿ ಸುತ್ತಿಕೊಂಡಿದ್ದರೆ ಹಗುರವಾಗಿ ಹಲುಬೆ ಎಳೆದೋ ತೆಳುವಾಗಿ ನೀರು ಚಿಮುಕಿಸಿಯೋ ಪದರವನ್ನು ಸಡಿಲಿಸಬೇಕು. ಒಂದು ವಾರ ಕಾದು ನೋಡೋಣವೆಂದರೆ ಕಾಲ ಮಿಂಚಿರುತ್ತದೆ.

ಇನ್ನೊಂದು ಸಂಗತಿ. ತೊಗರಿಯ ಕುಡಿಯನ್ನು ಮೊಲವೋ ಹುಳುವೋ ಕತ್ತರಿಸಿದರೆ ಮಣ್ಣಿನಲ್ಲಿರುವ ದಳಗಳ ಕಂಕುಳಿನಿಂದ ಮತ್ತೊಂದು ಕುಡಿ ಬರಬಹುದು. ಅವರೆಯನ್ನು ಬೀಜದಳಗಳ ಕೆಳಗೆ ಕತ್ತರಿಸಿದರೆ ಮತ್ತೆ ಚಿಗುರುವ ಕಣ್ಣೇ ಇರುವುದಿಲ್ಲ. ಆದುದರಿಂದ ಹಾನಿಯಾದ ಹೊಲವನ್ನು ಹರಗುವ ಮೊದಲು ಯಾವ ಬೆಳೆ, ಎಲ್ಲಿ ಕತ್ತರಿಸಿದೆ ಎಂಬುದನ್ನು ನೋಡಬೇಕು. ಜೋಳ, ಮುಸುಕಿನ ಜೋಳಗಳ ಬೆಳೆಯುವ ಸುಳಿ ಮೊದಲ ಎರಡು ಮೂರು ವಾರ ನೆಲದೊಳಗೇ ಇರುವುದರಿಂದ ಆಲಿಕಲ್ಲು ಬಿದ್ದು ಎಲೆ ಹರಿದರೂ ಚೇತರಿಸಿಕೊಳ್ಳುತ್ತವೆ. (ಹೀಗೆ ಮರಳಿ ಚಿಗುರಿದ ಎಳೆ ಜೋಳವನ್ನು ದನಗಳಿಗೆ ಮೇಯಿಸಬಾರದು, ಅದರಲ್ಲಿ ಪ್ರಾಣಾಂತಿಕ ವಿಷವಿರುತ್ತದೆ.)

ಬೀಜಕ್ಕೂ ವಯಸ್ಸುಂಟು

ಇಸ್ರೇಲಿನ ಮಸಾಡ ಎಂಬ ಹಳೆಯ ಕೋಟೆಯಲ್ಲಿ ಅಗೆದಾಗ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಕಳೆ ಬೀಜಗಳನ್ನು ಸೀಸೆಗಳಲ್ಲಿ ತುಂಬಿ ಹೂಳಿದ್ದರು. 2021ರಲ್ಲಿ ಒಂದು ಸೀಸೆ ತೆಗೆದು ಬಿತ್ತಿದಾಗ 142 ವರ್ಷಗಳ ನಂತರವೂ ಕೆಲವು ಬೀಜ ಮೊಳೆತವು. ಇಂಥ ಸುದ್ದಿ ಓದಿ ನಮ್ಮ ಮೂಟೆಯ ಬೀಜವೂ ಹಾಗೆಯೇ ಬಾಳುತ್ತದೆಂದು ತಿಳಿಯುವಂತಿಲ್ಲ. ಸೋಯಾ ಅವರೆ ಒಂದು ಮಳೆಗಾಲ ಕಳೆಯುವುದರೊಳಗೆ ಸಾಕಷ್ಟು ಮೊಳಕೆ ಶಕ್ತಿ ಕಳೆದುಕೊಳ್ಳಬಹುದು. ಅದರ ಸಿಪ್ಪೆ ತೆಳು. ಒಕ್ಕಣೆಯ ಪೆಟ್ಟು, ಮೂಟೆ ಎತ್ತಿ ಎಸೆದ ಪೆಟ್ಟು ನೇರವಾಗಿ ಸಸಿಗೆ ತಗಲುತ್ತದೆ. ನೆಲಗಡಲೆಯೂ ನಾಜೂಕಿನದೇ. ರಾಗಿ ಇವಕ್ಕಿಂತ ಗಟ್ಟಿ.

ಬೀಜದ ಬಾಳಿಕೆಗೆ ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಒಂದು ಸುಲಭ ಲೆಕ್ಕ ಕೊಟ್ಟಿದ್ದಾರೆ. ಬೀಜದ ತೇವಾಂಶ ಶೇಕಡಾ 14 ರಿಂದ 5 ರ ನಡುವೆ ಒಂದೊಂದು ಅಂಶ ಇಳಿದಂತೆಲ್ಲ ಬಾಳಿಕೆ ಸರಿಸುಮಾರು ಇಮ್ಮಡಿಯಾಗುತ್ತದೆ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಂಟಿಗ್ರೇಡ್ ಇಳಿದರೂ ಹಾಗೆಯೇ. ಇದು ಅಂದಾಜಿನ ಲೆಕ್ಕವಾದರೂ, ಎರಡು ದಿನ ಹೆಚ್ಚು ಒಣಗಿಸಿದ್ದಕ್ಕೆ ಸಿಗುವ ಫಲವನ್ನು ಚೆನ್ನಾಗಿ ತೋರಿಸುತ್ತದೆ. ರಾಗಿ, ಜೋಳಗಳನ್ನು ಶೇಕಡಾ 12ಕ್ಕೆ, ತೊಗರಿ, ಅವರೆ, ನೆಲಗಡಲೆಗಳನ್ನು ಶೇಕಡಾ 9ಕ್ಕೆ ಒಣಗಿಸಿಡಬೇಕು. ಹಲ್ಲಿನಲ್ಲಿ ಕಡಿದಾಗ ಕಾಳು ಬಾಗದೆ ಕಟಕ್ಕನೆ ಮುರಿಯಬೇಕು ಎಂಬ ಹಿರಿಯರ ಪರೀಕ್ಷೆ ಈಗಲೂ ಉಪಯುಕ್ತವೇ. ಕಾಳಿಗೆ ಬೂದಿ ಬೆರೆಸುವುದು, ತೊಗರಿ ಅವರೆಗಳಿಗೆ ಕೆಮ್ಮಣ್ಣು ಬಳಿಯುವುದು, ಮಲೆನಾಡಿನಲ್ಲಿ ಹುಲ್ಲಿನ ಮೂಡೆ ಕಟ್ಟುವುದು ಇವೆಲ್ಲ ಬೀಜವನ್ನು ಹುಳು ಮತ್ತು ತೇವದಿಂದ ಕಾಯುವ ಉಪಾಯಗಳು.

ಮೊಳೆಯದ ಬೀಜವೆಲ್ಲ ಸತ್ತದ್ದೆಂದೂ ತಿಳಿಯಬಾರದು. ಹೊಸದಾಗಿ ಕೊಯ್ದ ಸೂರ್ಯಕಾಂತಿ ಬೀಜ ಸುಮಾರು ಒಂದೂವರೆ ತಿಂಗಳು ಸುಪ್ತಾವಸ್ಥೆಯಲ್ಲಿರುತ್ತದೆ. ಹಬ್ಬುವ ನೆಲಗಡಲೆ ತಳಿಗಳಲ್ಲಿಯೂ ಈ ನಿದ್ರೆಯುಂಟು. ಗೊಂಚಲು ತಳಿಗಳಲ್ಲಿ ಬಹಳ ಕಡಿಮೆ, ಆದುದರಿಂದಲೇ ಕೀಳುವ ಕಾಲದಲ್ಲಿ ಮಳೆ ಬಂದರೆ ಅವು ನೆಲದಲ್ಲೇ ಮೊಳೆತುಬಿಡುತ್ತವೆ. ದ್ವಿದಳಗಳಲ್ಲಿ ಎಷ್ಟು ನೆನೆಸಿದರೂ ಕಲ್ಲಿನಂತೆ ಉಳಿಯುವ ಕೆಲವು ಕಾಳುಗಳನ್ನು ಗೃಹಿಣಿಯರು ಬಲ್ಲರು. ಸಿಪ್ಪೆ ನೀರು ಬಿಡದಿರುವುದರಿಂದ ಹಾಗಾಗುತ್ತದೆ, ಒಳಗೆ ಜೀವವಿರುತ್ತದೆ.

ಗೋಣಿ ತಟ್ಟಿನ ಪರೀಕ್ಷೆ

ಬಿತ್ತನೆಗೆ ಮೂರು ವಾರ ಮುಂಚೆ ಈ ಪರೀಕ್ಷೆ ಮಾಡಬೇಕು. ಬೀಜ ಸರಿಯಿಲ್ಲವೆಂದು ಗೊತ್ತಾದರೆ ಬೇರೆ ಬೀಜ ಹುಡುಕಲು ಸಮಯ ಬೇಕಲ್ಲ!

ಮೂಟೆಯ ಮೇಲೆ, ನಡುವೆ, ತಳದಲ್ಲಿ ಒಂದೊಂದು ಹಿಡಿ ತೆಗೆದು ಬೆರೆಸಿ, ಅದರಿಂದ ಆರಿಸದೆ 100 ಕಾಳು ಎಣಿಸಬೇಕು. ಆರಿಸಬಾರದೆಂಬುದನ್ನು ಒತ್ತಿ ಹೇಳಬೇಕಾಗಿದೆ. ಕೈ ತಾನಾಗಿಯೇ ದುಂಡು ಕಾಳಿನ ಕಡೆಗೆ ಹೋಗುತ್ತದೆ. ಈ ಕೆಲಸಕ್ಕೆ ಮಕ್ಕಳೇ ಮೇಲು. ಒದ್ದೆ ಗೋಣಿಯ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಕಾಳು ಜೋಡಿಸಿ, ಮೇಲೊಂದು ಒದ್ದೆ ಬಟ್ಟೆ ಹಾಸಿ, ಸಡಿಲವಾಗಿ ಸುತ್ತಿ ನೆರಳಿನಲ್ಲಿಡಬೇಕು. ತೇವ ಆರದಂತೆ ನೀರು ಚಿಮುಕಿಸಬೇಕು. ನೀರು ತೊಟ್ಟಿಕ್ಕುವಷ್ಟು ಬೇಡ. ರಾಗಿಯಂಥ ಸಣ್ಣ ಕಾಳಿಗೆ ತಟ್ಟೆಯಲ್ಲಿ ಹಾಸಿದ ಒದ್ದೆ ಬಟ್ಟೆ ಸಾಕು. ನೆಲಗಡಲೆ, ಸೋಯಾ ಅವರೆಗಳನ್ನು ಒದ್ದೆ ಮರಳಿನಲ್ಲಿ ಊರಿ ನೋಡುವುದು ಉತ್ತಮ, ಏಕೆಂದರೆ ಮೊಳೆಯುವುದಷ್ಟೇ ಅಲ್ಲ, ಮೇಲೆ ಬರುವ ಶಕ್ತಿಯೂ ಅಲ್ಲಿ ತಿಳಿಯುತ್ತದೆ.

ಮುಸುಕಿನ ಜೋಳವನ್ನು 7ನೆಯ ದಿನ, ರಾಗಿ, ಕಡಲೆ, ಸೋಯಾ ಅವರೆಗಳನ್ನು 8ನೆಯ ದಿನ, ಜೋಳ, ತೊಗರಿ, ಅವರೆ, ನೆಲಗಡಲೆ, ಸೂರ್ಯಕಾಂತಿಗಳನ್ನು 10ನೆಯ ದಿನ, ಭತ್ತವನ್ನು 14ನೆಯ ದಿನ ಎಣಿಸಬೇಕು. ಬೇರು ಮತ್ತು ಕುಡಿ ಎರಡೂ ನೇರವಾಗಿ, ಗಟ್ಟಿಯಾಗಿ ಬಂದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಬೇರು ಬಂದು ಕುಡಿಯಿಲ್ಲದ್ದು, ದಳ ಮುರಿದದ್ದು, ಬೂಷ್ಟು ಹಿಡಿದು ಮೆತ್ತಗಾದದ್ದು ಲೆಕ್ಕಕ್ಕಿಲ್ಲ. ಪ್ರಯೋಗಾಲಯದಲ್ಲಿ 400 ಕಾಳು ಇಡುತ್ತಾರೆ. ಮನೆಯಲ್ಲಿ 100 ಇಟ್ಟಾಗ ನಾಲ್ಕಾರು ಕಾಳು ಅತ್ತಿತ್ತ ಆಗುವುದು ಸಹಜ. ಅನುಮಾನ ಬಂದರೆ ಇನ್ನೊಮ್ಮೆ ಇಡಬೇಕು.

ಬಂದ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸಬೇಕು? 1966ರ ಬೀಜ ಕಾಯಿದೆಯ ಮೇರೆಗೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಭತ್ತಕ್ಕೆ ಶೇಕಡಾ 80, ರಾಗಿ, ಜೋಳ, ತೊಗರಿಗಳಿಗೆ 75, ಕಡಲೆಗೆ 85, ನೆಲಗಡಲೆ, ಸೋಯಾ ಅವರೆಗಳಿಗೆ 70. ಮನೆಯ ಬೀಜ ಸ್ವಲ್ಪ ಕಡಿಮೆ ಬಂದರೆ ಬಿತ್ತನೆ ಪ್ರಮಾಣ ಹೆಚ್ಚಿಸಬಹುದು. ಎಕರೆಗೆ 40 ಕಿಲೋ ನೆಲಗಡಲೆ ಬಿತ್ತುವವರಿಗೆ ಮೊಳಕೆ 70ರ ಬದಲು 56 ಬಂದರೆ, 40ನ್ನು 70ರಿಂದ ಗುಣಿಸಿ 56ರಿಂದ ಭಾಗಿಸಿದಾಗ 50 ಕಿಲೋ ಬೇಕಾಗುತ್ತದೆ. ಆದರೆ ಅರ್ಧಕ್ಕಿಂತ ಕಡಿಮೆ ಮೊಳೆತ ಬೀಜಕ್ಕೆ ಈ ಲೆಕ್ಕ ಹಾಕಬಾರದೆಂದೇ ನಮ್ಮ ಸಲಹೆ. ಅಂಥದರಲ್ಲಿ ಮೊಳೆತ ಕಾಳುಗಳೂ ಮುಪ್ಪಾಗಿರುತ್ತವೆ. ಗೋಣಿಯೊಳಗೆ ಎದ್ದದ್ದು ಹೊಲದಲ್ಲಿ ಏಳಲಾರದು.

ಭತ್ತದ ಬೀಜವನ್ನು ಕೋಳಿ ಮೊಟ್ಟೆ ತೇಲುವಷ್ಟು ಉಪ್ಪು ಬೆರೆಸಿದ ನೀರಿನಲ್ಲಿ ಹಾಕಿ ಜಳ್ಳು ತೆಗೆಯುವುದು ಒಳ್ಳೆಯ ಪದ್ಧತಿ (ಅನಂತರ ಸಿಹಿ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು). ಆದರೆ ಮುಳುಗಿದ್ದೆಲ್ಲ ಜೀವಂತವೆಂದು ಅರ್ಥವಲ್ಲ. ಸತ್ತ ಗಟ್ಟಿ ಕಾಳೂ ಮುಳುಗುತ್ತದೆ. ನವರಾತ್ರಿಯಲ್ಲಿ ಘಟಕ್ಕೆ ಧಾನ್ಯ ಹಾಕುವುದನ್ನು, ಮದುವೆಯಲ್ಲಿ ಅಂಕುರಾರ್ಪಣೆ ಮಾಡುವುದನ್ನು ಹಿಂದಿನವರ ಬೀಜ ಪರೀಕ್ಷೆಯೆಂದು ಕೆಲವರು ಹೇಳುತ್ತಾರೆ. ಅದು ಅತಿಯಾದ ಮಾತಿರಬಹುದು; ಆದರೂ ಹಿಂಗಾರು ಬಿತ್ತನೆಯ ಹೊತ್ತಿಗೆ ಮನೆಯ ಬೀಜವೇ ಘಟದಲ್ಲಿದ್ದರೆ ಅದು ಎಷ್ಟು ಎದ್ದಿದೆ ಎಂದು ಎಣಿಸಿ ನೋಡುವುದಕ್ಕೆ ಅಡ್ಡಿಯೇನಿಲ್ಲ.

ಕೊಂಡ ಬೀಜಕ್ಕೂ ಈ ಪರೀಕ್ಷೆ ಬೇಕು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ; ಅದರಲ್ಲಿ ಪರೀಕ್ಷೆಯ ದಿನಾಂಕ ನೋಡಬೇಕು. ಸಾಮಾನ್ಯವಾಗಿ ಪ್ರಮಾಣ ಪತ್ರದ ಅವಧಿ ಪರೀಕ್ಷೆಯಾದಂದಿನಿಂದ 9 ತಿಂಗಳು. ಚೀಟಿ, ಚೀಲ, ರಸೀದಿ ಮತ್ತು ಒಂದು ಹಿಡಿ ಬೀಜವನ್ನು ಬೆಳೆ ಎದ್ದು ನಿಲ್ಲುವವರೆಗೆ ಜೋಪಾನವಾಗಿಡಬೇಕು. ಮೊಳಕೆ ಕೈಕೊಟ್ಟರೆ ತಡಮಾಡದೆ ಇವುಗಳೊಡನೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಪೈರು ಹರಗಿದ ಮೇಲೆ ಹೇಳಿದರೆ ಪರಿಶೀಲಿಸಲು ಹೊಲದಲ್ಲಿ ಏನೂ ಇರುವುದಿಲ್ಲ.

ಚೀಲದ ಬೀಜಕ್ಕೆ ಸಾಮಾನ್ಯವಾಗಿ ಕೀಟನಾಶಕ ಅಥವಾ ಶಿಲೀಂಧ್ರನಾಶಕ ಲೇಪಿಸಿ ಬಣ್ಣ ಕೊಟ್ಟಿರುತ್ತಾರೆ. ಅದನ್ನು ಮಕ್ಕಳ ಕೈಗೆ ಕೊಡಬಾರದು. ಶಾಲೆಯ ಪ್ರಯೋಗಗಳಿಗೆ ಅಡಿಗೆಮನೆಯ ಕಾಳನ್ನೇ ಬಳಸಬೇಕು. ಲೇಪಿಸಿದ ಬೀಜದ ಪರೀಕ್ಷೆಯನ್ನು ದೊಡ್ಡವರೇ ಮಾಡಿ, ಉಳಿದ ಮೊಳಕೆಗಳನ್ನು ಕೋಳಿ, ದನಗಳಿಗೆ ಎಟುಕದಂತೆ ಮಣ್ಣಿನಲ್ಲಿ ಹೂಳಿ, ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಬೇಕು.